ಸರ್ಕಾರಿ ಇ-ಮಾರುಕಟ್ಟೆಯಲ್ಲಿ ಸೇವೆಗಳ ಮಾರಾಟ

ಸರ್ಕಾರಿ ಇ-ಮಾರುಕಟ್ಟೆ (ಜೆಮ್) ಭಾರತದ ಸರ್ಕಾರಿ ಇಲಾಖೆಗಳು ಹಾಗೂ ಸಾರ್ವಜನಿಕ ವಲಯದ ಉದ್ಯಮಗಳು ಸರಕು ಮತ್ತು ಸೇವೆಗಳನ್ನು ಖರೀದಿಸುವ ಅಂತರಜಾಲ ತಾಣವಾಗಿದೆ. ಇದು ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಡಿಯಲ್ಲಿ 2016ರ ಆಗಸ್ಟ್‌ನಲ್ಲಿ ಆರಂಭವಾಯಿತು. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 149ನೆಯ ನಿಯಮದಂತೆ, ಜೆಮ್‌ನಲ್ಲಿ ಲಭ್ಯವಿರುವ ಸರಕು, ಸೇವೆಗಳನ್ನು ಕೇಂದ್ರದ ಇಲಾಖೆಗಳು ಅಲ್ಲಿಯೇ ಖರೀದಿಸುವುದು ಕಡ್ಡಾಯ.

ಮಾರಾಟದ ವಿಧಾನ

ಭದ್ರತೆ, ಸ್ವಚ್ಛತೆ, ಬಾಡಿಗೆ ವಾಹನ ಮತ್ತು ಹೊರಗುತ್ತಿಗೆ ಸಿಬ್ಬಂದಿ ಪೂರೈಕೆ ಇಲ್ಲಿನ ಪ್ರಮುಖ ಸೇವೆಗಳಲ್ಲಿ ಸೇರಿವೆ. ನೋಂದಾಯಿತ ಸಂಸ್ಥೆಯು ತನ್ನ ಸೇವೆಯನ್ನು ಪಟ್ಟಿಮಾಡಿ, ಇಲಾಖೆಗಳು ಕರೆಯುವ ಬಿಡ್‌ಗಳಲ್ಲಿ ಭಾಗವಹಿಸುತ್ತದೆ. ತಾಂತ್ರಿಕ ಅರ್ಹತೆ ಪಡೆದವರ ಪೈಕಿ ಸಾಮಾನ್ಯವಾಗಿ ಕನಿಷ್ಠ ದರ ನಮೂದಿಸಿದವರಿಗೆ ಗುತ್ತಿಗೆ ದೊರೆಯುತ್ತದೆ. ಸರಕನ್ನು ಒಮ್ಮೆ ಪರೀಕ್ಷಿಸಿ ಸ್ವೀಕರಿಸಬಹುದು. ಸೇವೆಯಾದರೋ ಗುತ್ತಿಗೆಯ ಅವಧಿಯುದ್ದಕ್ಕೂ ನಡೆಯುತ್ತದೆ. ಆದ್ದರಿಂದ ಕೆಲಸದ ಗುಣಮಟ್ಟ, ಹಾಜರಾತಿ ಹಾಗೂ ಲೋಪಗಳಿಗೆ ವಿಧಿಸುವ ದಂಡವನ್ನು ಸೇವಾ ಮಟ್ಟದ ಒಪ್ಪಂದದಲ್ಲಿ ನಿಗದಿಪಡಿಸಲಾಗುತ್ತದೆ.

ದರ ಸ್ಪರ್ಧೆ ಮತ್ತು ವೇತನ

ಸಿಬ್ಬಂದಿ ಪೂರೈಕೆಯಲ್ಲಿ ಕನಿಷ್ಠ ವೇತನ, ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆಗಳನ್ನು ಕಡಿಮೆ ಮಾಡುವಂತಿಲ್ಲ. ಹೀಗಾಗಿ ಸ್ಪರ್ಧೆಯು ಗುತ್ತಿಗೆದಾರರ ಸೇವಾ ಶುಲ್ಕಕ್ಕೆ ಸೀಮಿತವಾಗಿ, ಹಲವರ ದರಗಳು ಸಮನಾಗುವುದುಂಟು. ಶುಲ್ಕ ತೀರಾ ಕಡಿಮೆಯಿದ್ದು ಬಿಲ್ಲು ಪಾವತಿಯೂ ತಡವಾದರೆ, ಬಂಡವಾಳವಿಲ್ಲದ ಸಣ್ಣ ಸಂಸ್ಥೆಗಳಿಗೆ ಸಕಾಲದಲ್ಲಿ ವೇತನ ನೀಡುವುದು ಕಷ್ಟವಾಗುತ್ತದೆ. ಗುತ್ತಿಗೆದಾರರು ವೇತನ ನೀಡದಿದ್ದಲ್ಲಿ ಅದನ್ನು ಪಾವತಿಸುವ ಹೊಣೆ ಕಾನೂನಿನಂತೆ ಮೂಲ ನಿಯೋಜಕರ ಮೇಲೆ ಬೀಳುತ್ತದೆ.