ಟಿಬೆಟ್ಟಿನ ಬೆಳ್ಳಿ ಟಂಕಾ

ನೆರೆಯವರ ಟಂಕಸಾಲೆಯನ್ನು ನಂಬಿದ ನಾಡು ಎಂಥ ತೊಡಕಿಗೆ ಸಿಲುಕಬಹುದೆಂಬುದಕ್ಕೆ ಟಿಬೆಟ್ಟಿನ ನಾಣ್ಯಗಳೇ ಸಾಕ್ಷಿ. ಹದಿನೆಂಟನೆಯ ಶತಮಾನದ ನಡುಗಾಲದವರೆಗೆ ಅಲ್ಲಿ ಸ್ವಂತ ಟಂಕಸಾಲೆಯಿರಲಿಲ್ಲ. ಟಿಬೆಟ್ಟಿನವರು ಬೆಳ್ಳಿಯನ್ನು ನೇಪಾಳಕ್ಕೆ ಕಳುಹಿಸುವರು; ಮಲ್ಲ ಅರಸರು ಅದನ್ನು ನಾಣ್ಯವಾಗಿಸಿ ಹಿಂದಿರುಗಿಸುವರು. ಬರಬರುತ್ತ ಆ ನಾಣ್ಯಗಳಲ್ಲಿ ಬೆರಕೆ ಹೆಚ್ಚಿತು.

1768ರಲ್ಲಿ ಕಾಠಮಾಂಡುವನ್ನು ಗೆದ್ದ ಪೃಥ್ವೀನಾರಾಯಣ ಶಹನು ಅಪ್ಪಟ ಬೆಳ್ಳಿಯ ನಾಣ್ಯಗಳನ್ನು ಹೊರಡಿಸಿದನು. ಹಳೆಯ ಬೆರಕೆ ನಾಣ್ಯಕ್ಕೆ ಇನ್ನು ಬೆಲೆಯೆಷ್ಟು? ಈ ವ್ಯಾಜ್ಯ ತೀರಲಿಲ್ಲ. 1788ರ ಗೂರ್ಖಾ ದಾಳಿಗೆ ಇದೂ ಒಂದು ಕಾರಣವಾಯಿತು. 1792ರಲ್ಲಿ ಚೀನದ ಸೇನೆ ಬಂದು ಗೂರ್ಖರನ್ನು ಹಿಮ್ಮೆಟ್ಟಿಸಿತು. ಆದರೆ ಆಮೇಲೆ ಲಾಸಾದಲ್ಲಿ ಅಚ್ಚಾದ ಬೆಳ್ಳಿಯ ಮೇಲೆ ಮೂಡಿದ್ದು ಚೀನದ ಚಕ್ರವರ್ತಿ ಚಿಯೆನ್‌ಲುಂಗನ ಹೆಸರು!

ಹತ್ತೊಂಬತ್ತನೆಯ ಶತಮಾನದ ಗಾಂಡೆನ್ ಟಂಕಾ ಮಾತ್ರ ಟಿಬೆಟ್ಟಿನದೇ ನುಡಿಯನ್ನಾಡಿತು. ಶಂಖ, ಪದ್ಮ, ಮತ್ಸ್ಯ, ಛತ್ರ ಮೊದಲಾದ ಅಷ್ಟಮಂಗಲಗಳು ಅದರ ಅಲಂಕಾರ. ಗಾಂಡೆನ್ ಅರಮನೆ ಎಲ್ಲ ದಿಕ್ಕುಗಳಲ್ಲಿಯೂ ವಿಜಯಿಯೆಂಬುದು ಅದರ ಬರಹ. ಚಿಲ್ಲರೆ ಬೇಕಾದಾಗ ಜನರು ಟಂಕಾವನ್ನೇ ಕತ್ತರಿಸಿ ತುಂಡುಗಳನ್ನು ಕೊಡುತ್ತಿದ್ದರು.

1909ರ ಬೆಳ್ಳಿಯ ಸ್ರಾಂಗ್ ನಾಣ್ಯದ ಮೇಲೆ ಹಿಮಸಿಂಹ ಕಾಣಿಸಿಕೊಂಡಿತು. ಮುಂದಿನ ನಾಣ್ಯಗಳಲ್ಲಿ ಅದರ ಹಿಂದೆ ಬೆಟ್ಟಗಳೂ ಸೂರ್ಯನೂ ಬಂದು ನಿಂತವು. ಈ ಸಿಂಹಕ್ಕೆ ದೊರೆತದ್ದು ಅರ್ಧ ಶತಮಾನದ ಆಯುಸ್ಸು ಮಾತ್ರ. 1959ರಲ್ಲಿ ಟಿಬೆಟ್ಟಿನ ಹಣದ ಚಲಾವಣೆ ರದ್ದಾಯಿತು. ನಾಡಿನ ಹೆಸರನ್ನು ಹೊತ್ತ ಬೆಳ್ಳಿ ಸಂಗ್ರಹಾಲಯಗಳನ್ನು ಸೇರಿತು.