ಅಲೋನ್, ಒಂಟಿ, ಒಬ್ಬಾಂವನ: ದೊಡವಾಡ ಸೀಮೆಯ ಆಡುಮಾತಿನ ಮೇಲೊಂದು ಟಿಪ್ಪಣಿ

ಇಂಗ್ಲಿಷ್ ಪಾಠದ ಕೊನೆಯ ಪದಾರ್ಥಗಳಲ್ಲಿ ‘ಅಲೋನ್’ ಅಂದರೆ ‘ಒಂಟಿ’ ಎಂದು ಬರೆಸುವುದು ರೂಢಿ. ಬೈಲಹೊಂಗಲ ತಾಲ್ಲೂಕಿನ ದೊಡವಾಡದಲ್ಲಾಗಲಿ, ಆಚೀಚೆಯ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಲ್ಲಾಗಲಿ ಜನರ ಮಾತಿಗೆ ಈ ಅರ್ಥ ಕೂಡಿಬರುವುದಿಲ್ಲ. ಸಂತೆಗೆ ಬಂದವನನ್ನು ಪರಿಚಯದವರು ಕೇಳುವುದು ‘ಒಬ್ಬಾಂವನ ಬಂದಿ ಏನ?’ ಎಂದು. ಮುದುಕಿ ಹೇಳುವುದು ‘ಮನ್ಯಾಗ ಒಬ್ಬಾಕಿನ ಅದೇನ್ರಿ’ ಎಂದು. ಎರಡರಲ್ಲೂ ಮರುಕವಿಲ್ಲ, ಲೆಕ್ಕವಿದೆ. ಅದೇ ಮುದುಕಿಗೆ ‘ನೀವು ಒಂಟಿ ಅದೀರಿ’ ಅಂದರೆ ಆಕೆಗೆ ದಿಕ್ಕಿಲ್ಲ ಅಂದ ಹಾಗೆ.

ಇಂಗ್ಲಿಷ್ ಶಬ್ದದ ಹುಟ್ಟನ್ನು ಮೊದಲು ನೋಡೋಣ. ‘ಆಲ್’ ಮತ್ತು ‘ಒನ್’ ಎರಡೂ ಬೆಸೆದು ಅಲೋನ್ ಆಯಿತು. ಪೂರ್ತಿ ಒಂದು ಎಂಬ ಅರ್ಥ. ಕಾಲಕ್ರಮದಲ್ಲಿ ಮೊದಲಕ್ಷರ ಕಳಚಿ ‘ಲೋನ್’ ಉಳಿಯಿತು, ಅದರಿಂದ ‘ಲೋನ್ಲಿ’ ಬಂತು. 17ನೇ ಶತಮಾನದ ಆರಂಭದ ಶೇಕ್ಸ್‌ಪಿಯರನ ‘ಕೊರಿಯೊಲೇನಸ್’ ನಾಟಕದಲ್ಲಿ ಲೋನ್ಲಿ ಕಾಣಸಿಗುತ್ತದೆ. ಕನ್ನಡದ ‘ಒಬ್ಬಂಟಿ’ಯೂ ಬೆಸುಗೆಯ ಶಬ್ದವೇ. ಒಬ್ಬ, ಒಂಟಿ ಎರಡೂ ‘ಒಂದು’ ಎಂಬುದರ ಬಳಗಕ್ಕೆ ಸೇರಿದವು. ಅವರು ಎಲ್ಲವನ್ನೂ ಒಂದಕ್ಕೆ ಕೂಡಿಸಿದರು, ನಾವು ಒಂದಕ್ಕೆ ಒಂದನ್ನೇ ಕೂಡಿಸಿದೆವು.

ಹುಟ್ಟಿನಲ್ಲಿ ಹೀಗೆ ಹತ್ತಿರವಾದರೂ ಬಳಕೆಯಲ್ಲಿ ದಾರಿ ಬೇರೆ. ಇಂಗ್ಲಿಷಿನಲ್ಲಿ ಗಂಡ ಹೆಂಡತಿ ಇಬ್ಬರೇ ಮನೆಯಲ್ಲಿದ್ದರೂ ‘ದೇ ವರ್ ಅಲೋನ್’ ಅನ್ನಬಹುದು. ಇಬ್ಬರು ಒಂಟಿಯಾಗಿದ್ದರು ಎಂದು ಕನ್ನಡಿಸಿದರೆ ನಗೆಪಾಟಲು. ಅಂದರೆ ಅಲೋನ್ ಎಣಿಸುವುದು ಇದ್ದವರನ್ನಲ್ಲ. ಬೇರೆ ಯಾರೂ ಇಲ್ಲ ಎಂಬುದನ್ನು ಅದು ಹೇಳುತ್ತದೆ. ಆ ಕೆಲಸವನ್ನು ಕನ್ನಡದಲ್ಲಿ ಮಾಡುವುದು ಇಡೀ ಶಬ್ದವಲ್ಲ, ಕೊನೆಗೆ ಹತ್ತುವ ಅವಧಾರಣೆಯ ‘ಏ’: ಒಬ್ಬನೇ, ಒಬ್ಬಳೇ, ಇಬ್ಬರೇ. ದೊಡವಾಡದ ಕಡೆ ಈ ಏಕಾರ ಅಕಾರವಾಗುತ್ತದೆ. ‘ಒಬ್ಬಾಂವನ’, ‘ಒಬ್ಬಾಕಿನ’, ‘ನಾವಿಬ್ಬರ ಇದ್ವಿ’, ತೊಟ್ಟಿಲ ಮಗುವಾದರೆ ‘ಕೂಸ ಒಂದ ಐತಿ’. ಬರೆದಾಗ ಇದು ಕಣ್ಣಿಗೆ ಬೀಳುವುದೇ ಕಷ್ಟ. ‘ನಾವಿಬ್ಬರ’ ಎಂಬುದನ್ನು ಬೆಂಗಳೂರಿನ ಕರಡು ತಿದ್ದುವವರು ಷಷ್ಠಿ ವಿಭಕ್ತಿ ಎಂದುಕೊಂಡು ಮುಂದಿನ ನಾಮಪದ ಹುಡುಕುತ್ತಾರೆ. ‘ಹಿ ಅಲೋನ್ ನೋಸ್’ ಎಂಬಲ್ಲಿ ಮಾತ್ರ ಈ ಅಕಾರ ಸಾಲದು. ‘ಅವಗ ಗೊತ್ತೈತಿ’ ಅಂದರೆ ‘ಅವನಿಗೆ’ ಎಂದೂ ಆದೀತು, ‘ಅವನಿಗೇ’ ಎಂದೂ ಆದೀತು. ಅದಕ್ಕೇ ‘ಮಾತ್ರ’ ಎಂಬರ್ಥದ ‘ಅಷ್ಟ’ ಬರುತ್ತದೆ: ‘ಅವಗಷ್ಟ ಗೊತ್ತೈತಿ’. ಇನ್ನು ‘ಲೀವ್ ಮಿ ಅಲೋನ್’ಗೆ ‘ನನ್ನ ಪಾಡಿಗೆ ನನ್ನ ಬಿಡು’ ಸಾಕು. ಅಲ್ಲಿ ಒಂದೂ ಇಲ್ಲ, ಒಂಟಿಯೂ ಇಲ್ಲ.

ಹಾಗಾದರೆ ಒಂಟಿಯ ಜಾಗ ಯಾವುದು? ಜೋಡಿ ಇರಬೇಕಾದಲ್ಲಿ ಒಂದೇ ಇರುವುದು. ಈ ಎರೆಮಣ್ಣಿನ ಸೀಮೆಯಲ್ಲಿ ಎತ್ತು ಅಂದರೆ ಜೋಡಿ. ಒಂಟಿ ಎತ್ತಿನವ ಇನ್ನೊಬ್ಬನ ಎತ್ತು ಜೋಡಿಸಿಕೊಂಡು ಗಳೇ ಹೂಡಬೇಕು. ಒಂಟಿಗಾಲು, ಹಿಂಡಿನಿಂದ ಅಗಲಿದ ಒಂಟಿ ಸಲಗ, ಊರ ಹೊರಗಿನ ಒಂಟಿ ಮನೆ, ಎಲ್ಲದರಲ್ಲೂ ಇನ್ನೊಂದರ ಕೊರತೆ ಎದ್ದು ಕಾಣುತ್ತದೆ. (ಕಿವಿಗೆ ಹಾಕುವ ಒಂಟಿ ಮಾತ್ರ ಜೋಡಿಯಾಗಿಯೇ ಬರುತ್ತದೆ.) ಎರಡು ಮಕ್ಕಳ ಜೊತೆ ಬದುಕುವ ವಿಧವೆಯನ್ನು ಕಚೇರಿಯ ಕನ್ನಡ ‘ಒಂಟಿ ಮಹಿಳೆ’ ಅನ್ನುವುದೂ ಇದೇ ಅರ್ಥದಲ್ಲಿ. ಆಕೆ ಅಲೋನ್ ಅಲ್ಲ. ಅದು ‘ಸಿಂಗಲ್’ ಎಂಬುದರ ಅನುವಾದ.

ಸಂಸ್ಕೃತದಿಂದ ಬಂದ ಶಬ್ದಗಳದು ಬೇರೆ ಕಥೆ. ‘ಏಕಾಂತ’ ಇಂದು ನಾವೇ ಬಯಸಿ ಪಡೆಯುವ ಸ್ಥಿತಿ. ಆದರೆ ಕ್ರಿ.ಶ. 1200ರ ಸುಮಾರಿನ ಅಬ್ಬಲೂರು ಶಾಸನದ ಶಿವಭಕ್ತ ಏಕಾಂತದ ರಾಮಯ್ಯನ ಹೆಸರಿನಲ್ಲಿ ಅದು ಏಕನಿಷ್ಠೆಯ ಗುರುತು. ಶಿವನೊಬ್ಬನೇ ಎಂಬ ಆ ಹಟದಲ್ಲಿ ‘ಹಿ ಅಲೋನ್’ನ ಛಾಯೆ ಇದೆ. ‘ಏಕಾಂಗಿ’ ವೀರಕ್ಕೆ ಒಗ್ಗಿದ ಶಬ್ದ. ಇದೇ ತಾಲ್ಲೂಕಿನ ಸಂಗೊಳ್ಳಿಯ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನದು ಏಕಾಂಗಿ ಹೋರಾಟವೆಂದು ಭಾಷಣಗಳಲ್ಲಿ ಸಲೀಸಾಗಿ ಹೇಳಿಬಿಡುತ್ತಾರೆ. ಅವನ ಬೆನ್ನಿಗೆ ದಂಡೇ ಇತ್ತು.

ಲೋನ್ಲಿಗೆ ಪತ್ರಿಕೆಗಳ ‘ಒಂಟಿತನ’ ಈ ಊರುಗಳ ಬಾಯಿಗೆ ಇನ್ನೂ ಹತ್ತಿಲ್ಲ. ಮಗಳು ಗಂಡನ ಮನೆಗೆ ಹೋದ ಮೇಲೆ ತಾಯಿ ಅನ್ನುವುದು ‘ಮನಿ ಭಣಭಣ ಅಂತೈತಿ’, ‘ಹೊತ್ತ ಹೋಗವಲ್ದು’ ಎಂದು. ಭಾವವನ್ನು ಆಕೆ ಮನೆಯ ಮೇಲೆ, ಹೊತ್ತಿನ ಮೇಲೆ ಹಾಕುತ್ತಾಳೆ, ತನ್ನ ಮೇಲೆ ಹಾಕಿಕೊಳ್ಳುವುದಿಲ್ಲ. ಭಣಭಣ ಅನ್ನಲು ಒಬ್ಬರೇ ಇರಬೇಕೆಂದೂ ಇಲ್ಲ. ನಾಲ್ಕು ಜನರಿದ್ದ ಮನೆಯೂ ಹಾಗನ್ನಬಹುದು. ಲೋನ್ಲಿಯ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ.

ಇಂಗ್ಲಿಷ್–ಕನ್ನಡ ನಿಘಂಟು ಪರಿಷ್ಕರಿಸುವವರಲ್ಲಿ, ಹೈಸ್ಕೂಲಿನ ಮಾಸ್ತರರಲ್ಲಿ ಒಂದು ವಿನಂತಿ: ಅಲೋನ್ ಎದುರಿಗೆ ‘ಒಬ್ಬನೇ, ಒಬ್ಬಳೇ, ಇಬ್ಬರೇ’ ಮೊದಲು ಬರಲಿ, ‘ಮಾತ್ರ’ ಆಮೇಲೆ ಬರಲಿ. ಒಂಟಿಯನ್ನು ಸಿಂಗಲ್‌ಗೆ ಬಿಟ್ಟುಕೊಡಿ.