ಮೂರು ನಿಮಿಷದ ತಟ್ಟೆ, ಇಡೀ ರಾತ್ರಿಯ ಆಟ

ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕೂಡಿಹಾಕುವವರಲ್ಲಿ ಎರಡು ಪಂಗಡಗಳುಂಟು. ಒಂದು ಪಂಗಡಕ್ಕೆ ತಟ್ಟೆ ಮುಖ್ಯ, ಇನ್ನೊಂದಕ್ಕೆ ದನಿ ಮುಖ್ಯ. ಮೊದಲನೆಯವರು ತಟ್ಟೆಯ ನಡುವೆ ಅಂಟಿಸಿದ ಕಾಗದದ ಬಣ್ಣವನ್ನೂ ಅದರ ಮೇಲಿನ ಸಂಖ್ಯೆಯನ್ನೂ ನೋಡಿ ಸಂತೋಷಪಡುತ್ತಾರೆ. ಗೀರು ಬಿದ್ದೀತೆಂಬ ಭಯದಿಂದ ಅದನ್ನು ನುಡಿಸುವುದೇ ಇಲ್ಲ. ಎರಡನೆಯವರು ನುಡಿಸಿ ನುಡಿಸಿಯೇ ಅದನ್ನು ಸವೆಸಿಬಿಡುತ್ತಾರೆ. ಈ ಇಬ್ಬರ ಜಗಳ ಎಲ್ಲ ನಾಡುಗಳಲ್ಲಿಯೂ ಇದ್ದದ್ದೇ. ಆದರೆ ಕುಮಟೆ, ಹೊನ್ನಾವರ, ಭಟ್ಕಳಗಳ ಕರಾವಳಿಯಲ್ಲಿ ನಿಂತು ನೋಡಿದರೆ ಅದಕ್ಕೆ ಬೇರೊಂದು ಮುಖ ಕಾಣುತ್ತದೆ. ತಟ್ಟೆಯಲ್ಲಿ ಉಳಿದದ್ದು ಯಾವುದು ಎಂಬುದಷ್ಟೇ ಇಲ್ಲಿಯ ಪ್ರಶ್ನೆಯಲ್ಲ. ತಟ್ಟೆಗೆ ಹಿಡಿಸದೆ ಹೋದದ್ದು ಯಾವುದು, ಅದನ್ನು ಮುಂದೆ ಯಾರು ಹಿಡಿದಿಟ್ಟರು, ಹಾಗೆ ಹಿಡಿದದ್ದು ಈಗ ಯಾವ ಗತಿಯಲ್ಲಿದೆ ಎಂಬುದೂ ಪ್ರಶ್ನೆಯೇ.

ನಮ್ಮ ದೇಶದಲ್ಲಿ ತಟ್ಟೆಯ ಚರಿತ್ರೆ 1902ರಲ್ಲಿ ಮೊದಲಾಗುತ್ತದೆ. ಆ ವರ್ಷದ ನವೆಂಬರ್ ತಿಂಗಳಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಮುದ್ರಿಸಿಕೊಂಡನು. ಹಾಡಿನ ಕೊನೆಯಲ್ಲಿ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುವುದನ್ನು ಕೇಳಿ ಅನೇಕರು ನಗುತ್ತಾರೆ. ಅದು ಜಂಬವಲ್ಲ, ದೂರದ ಜರ್ಮನಿಯಲ್ಲಿ ತಟ್ಟೆಯನ್ನು ಅಚ್ಚು ಹಾಕುವ ಕೆಲಸಗಾರನಿಗೆ ಹಾಡಿದವರಾರೆಂದು ತಿಳಿಯಬೇಕಲ್ಲ! ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಮಾಡಿದ ಆ ಹತ್ತಂಗುಲದ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಹೆಚ್ಚೆಂದರೆ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ರಾಗ ಹುಟ್ಟಿ, ಬೆಳೆದು, ಮುಗಿಯಬೇಕು.

ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಹಡಗೇರುತ್ತಿದ್ದ ಕಾಲವೊಂದಿತ್ತು. ವಿದೇಶದ ಪೇಟೆಗಳಲ್ಲಿ ಆ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು. ಸರಕಿನ ದಾರಿಯೇ ಸಂಗೀತದ ದಾರಿಯೂ ಆಗುವುದು ಲೋಕರೂಢಿ. ಮುಂಬಯಿಯ ರುಚಿ ಈ ತೀರದ ರುಚಿಯೂ ಆಯಿತು. ಹಿಂದುಸ್ತಾನಿ ಗಾಯನ ಮತ್ತು ಮರಾಠಿ ನಾಟಕದ ಪದಗಳು ಇಲ್ಲಿಗೆ ಪರಕೀಯವಾಗಲಿಲ್ಲ.

ಇದರಲ್ಲೊಂದು ಸೋಜಿಗವಿದೆ. 1842ರ ಸುಮಾರಿಗೆ ಕರ್ನಾಟಕದಿಂದ ಹೋದ ಭಾಗವತರ ಮೇಳವೊಂದು ಸಾಂಗಲಿಯ ದೊರೆಯ ಮುಂದೆ ಆಟವಾಡಿತು. ಅದರ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಸೀತಾಸ್ವಯಂವರವನ್ನು ರಂಗಕ್ಕೆ ತಂದರು; ಮರಾಠಿ ರಂಗಭೂಮಿಯ ಆರಂಭವೆಂದು ಎಣಿಸುವುದು ಇದನ್ನೇ. ಆ ಮೇಳ ಹೊನ್ನಾವರದ ಬಳಿಯ ಕರ್ಕಿಯದು ಎಂಬುದು ನಮ್ಮ ವಿದ್ವಾಂಸರ ಮತ. ಹಾಗಿದ್ದಲ್ಲಿ, ಶರಾವತಿಯ ತೀರದಿಂದ ಹೋದ ಆಟವು ಮುಕ್ಕಾಲು ಶತಮಾನ ಕಳೆದ ಮೇಲೆ ಬಾಲಗಂಧರ್ವರ ನಾಟ್ಯಗೀತೆಯಾಗಿ, ಅರಗಿನ ತಟ್ಟೆಯನ್ನೇರಿ, ತವರಿಗೆ ಬಂತೆನ್ನಬೇಕು. ಬಂದ ಮಗಳ ಗುರುತು ಮಾತ್ರ ತಾಯಿಗೆ ಹತ್ತಲಿಲ್ಲ.

ತಟ್ಟೆಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಗದಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಮ್ ಖಾನರ ತಟ್ಟೆಯನ್ನು ಕೇಳಿ ಮರುಳಾಗಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟ ಕಥೆ ಪ್ರಸಿದ್ಧವಾದದ್ದು. ಖಾನರು 1905ರಲ್ಲಿ ಒಮ್ಮೆ, 1930ರ ದಶಕದಲ್ಲಿ ಮತ್ತೊಮ್ಮೆ ತಟ್ಟೆಗಳಿಗೆ ಹಾಡಿದರು. ಎರಡನ್ನೂ ಒಟ್ಟಿಗೆ ಕೇಳಿದವನಿಗೆ ಒಂದು ಪಾಠ ದೊರೆಯುತ್ತದೆ. ಮೊದಲನೆಯ ಕಾಲದಲ್ಲಿ ಗಾಯಕನು ಕಹಳೆಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಾಗಿತ್ತು. 1925ರ ಸುಮಾರಿಗೆ ವಿದ್ಯುತ್ತಿನ ಮೈಕು ಬಂದ ಮೇಲೆ ಪಿಸುದನಿಗೂ ತಟ್ಟೆಯಲ್ಲಿ ಎಡೆ ಸಿಕ್ಕಿತು. ಆದ್ದರಿಂದ ಹಳೆಯ ತಟ್ಟೆಯಲ್ಲಿ ಕೇಳುವ ಒರಟುತನವೆಲ್ಲ ಗಾಯಕನದಲ್ಲ. ಯಂತ್ರದ ಪಾಲನ್ನು ಕಳೆದು ಗಾಯಕನ ಪಾಲನ್ನು ಉಳಿಸಿಕೊಳ್ಳಲು ಕಿವಿ ಕಲಿಯಬೇಕು. ಅದು ಒಂದೇ ಸಲ ಕೇಳಿದರೆ ಬರುವ ವಿದ್ಯೆಯಲ್ಲ. ಹಳೆಯದನ್ನು ಮತ್ತೆ ಮತ್ತೆ ಕೇಳಬೇಕೆನ್ನುವುದು ಇದಕ್ಕಾಗಿಯೇ ಹೊರತು ಕಳೆದ ಕಾಲಕ್ಕಾಗಿ ಕಣ್ಣೀರು ಹಾಕುವುದಕ್ಕಲ್ಲ.

ಆದರೆ ಈ ಸೀಮೆಯ ಸ್ವಂತ ಸಂಗೀತದ ಗತಿಯೇನಾಯಿತು? ಯಕ್ಷಗಾನದ ಆಟ ರಾತ್ರಿ ಹೊತ್ತಿಗೆ ಮೊದಲಾದರೆ ಬೆಳಗಿನವರೆಗೆ ನಡೆಯುವಂಥದು. ಒಂಬತ್ತು ಗಂಟೆಯ ಆಟವನ್ನು ಮೂರು ಮೂರು ನಿಮಿಷಗಳಾಗಿ ತುಂಡರಿಸಿದರೆ 180 ಮಗ್ಗುಲು, ಅಂದರೆ 90 ತಟ್ಟೆ ಬೇಕು. ಯಾವ ಕಂಪನಿಗೆ ಈ ಲೆಕ್ಕ ಹೊಂದೀತು? ಬಿಡಿ ಪದವೊಂದನ್ನು ತಟ್ಟೆಗೆ ಇಳಿಸಬಹುದು. ಪದಕ್ಕೆ ಹೊಂದಿಕೊಂಡ ಕುಣಿತ, ಕುಣಿತದ ಬೆನ್ನಿಗೆ ಬರುವ ಅರ್ಥ, ನಡುರಾತ್ರಿ ದಾಟಿದ ಮೇಲೆ ಏರುವ ಚಂಡೆಯ ಕಾವು, ಇವು ಹೊರಗೇ ಉಳಿಯುತ್ತವೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದಾಗ ದೇಶದಲ್ಲಿ ಗ್ರಾಮಫೋನಿನ ವೈಭವ ಶಿಖರಕ್ಕೇರಿತ್ತು. ಆದರೂ ಆ ವರ್ಷಗಳ ಒಂದು ಇಡೀ ರಾತ್ರಿಯನ್ನು ಹಿಡಿದಿಡುವ ಶಕ್ತಿ ಅದಕ್ಕಿರಲಿಲ್ಲ.

ಆ ಶಕ್ತಿ ಬಂದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಅಂಗೈಯಗಲದ ಪೆಟ್ಟಿಗೆಗೆ ಒಂದೂವರೆ ಗಂಟೆಯನ್ನು ನುಂಗುವ ಸಾಮರ್ಥ್ಯವಿತ್ತು. ತೊಂಬತ್ತು ತಟ್ಟೆಯ ಆಟ ಆರು ಕ್ಯಾಸೆಟ್ಟುಗಳಿಗೆ ಇಳಿಯಿತು. ಭಟ್ಕಳದಿಂದಲೂ ಸುತ್ತಿನ ಊರುಗಳಿಂದಲೂ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಟೇಪ್ ರೆಕಾರ್ಡರು ತಂದರು. ರಂಗಸ್ಥಳದ ಮಗ್ಗುಲಲ್ಲಿ, ಧ್ವನಿವರ್ಧಕದ ಹತ್ತಿರ, ಅಭಿಮಾನಿಗಳು ಅದನ್ನಿಟ್ಟು ಗುಂಡಿ ಒತ್ತಿದರು. ತೆಂಕಣ ನೆರೆಯ ಗುಂಡ್ಮಿಯ ಭಾಗವತ ಕಾಳಿಂಗ ನಾವಡರು 1990ರಲ್ಲಿ, ಮೂವತ್ತರ ಆಸುಪಾಸಿನ ಪ್ರಾಯದಲ್ಲಿ, ರಸ್ತೆಯ ಅಪಘಾತಕ್ಕೆ ಬಲಿಯಾದರು. ಅವರನ್ನು ರಂಗದ ಮೇಲೆ ಕಾಣದ ತಲೆಮಾರು ಇಂದಿಗೂ ಅವರ ಪದಗಳಿಗೆ ತಲೆದೂಗುತ್ತಿದ್ದರೆ ಅದು ಈ ಕ್ಯಾಸೆಟ್ಟುಗಳ ಪುಣ್ಯ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ, ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ನಮ್ಮನ್ನಗಲಿದರು. ಇನ್ನು ಮುಂದೆ ಈ ಪರಂಪರೆಯ ಚರಿತ್ರೆಯನ್ನು ಬರೆಯುವವನಿಗೆ ಇಂಥ ಮುದ್ರಣಗಳೇ ಶಾಸನಗಳು.

ಈ ಮಾರ್ಗದಲ್ಲಿ ನಮಗಿಂತ ಮುಂದೆ ನಡೆದವರು ಜಾಜ್ ಸಂಗೀತದ ಅಭಿಮಾನಿಗಳು. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಈ ಸಂಗೀತದ ಮೊದಲ ತಟ್ಟೆ ಬಂದದ್ದು 1917ರಲ್ಲಿ. ಭಾಗವತಿಕೆಯ ಹಾಗೆ ಅಲ್ಲಿಯೂ ಚೌಕಟ್ಟು ಹಳೆಯದು, ಅದನ್ನು ತುಂಬುವ ಬಗೆ ಆ ರಾತ್ರಿಯದು. ನಿನ್ನೆ ನುಡಿಸಿದಂತೆ ಇಂದು ನುಡಿಸಿದರೆ ಕಲೆಗಾರನಿಗೆ ಮರ್ಯಾದೆಯಿಲ್ಲ. ಆದ್ದರಿಂದ ಒಂದೇ ಹಾಡಿನ ಎರಡು ಮುದ್ರಣಗಳು ಅವರಿಗೆ ಎರಡು ಕೃತಿಗಳೇ. ಪ್ಯಾರಿಸ್ಸಿನ ಶಾರ್ಲ್ ದಲೋನೆ 1936ರಲ್ಲಿ ಇಂಥ ತಟ್ಟೆಗಳ ಪಟ್ಟಿಯನ್ನು ಪುಸ್ತಕವಾಗಿಯೇ ಪ್ರಕಟಿಸಿದನು: ಯಾವ ದಿನ, ಯಾವ ಊರು, ಯಾವ ವಾದ್ಯಕ್ಕೆ ಯಾರು. ಡೀನ್ ಬೆನೆಡೆಟ್ಟಿ ಎಂಬ ಇನ್ನೊಬ್ಬ ಅಭಿಮಾನಿ 1947-48ರಲ್ಲಿ ಚಾರ್ಲಿ ಪಾರ್ಕರನ ಬೆನ್ನು ಹತ್ತಿ, ಕಛೇರಿಗಳಲ್ಲಿ ಅವನ ಸ್ಯಾಕ್ಸಫೋನನ್ನು ಮುದ್ರಿಸಿಕೊಂಡನು. ಕಳೆದೇ ಹೋದುವೆಂದು ಜನ ಬಗೆದಿದ್ದ ಆ ಮುದ್ರಣಗಳು ಬೆಳಕು ಕಂಡದ್ದು 1990ರಲ್ಲಿ. ಆದರೆ ಪಾರ್ಕರ್ ನಿಲ್ಲಿಸಿದೊಡನೆ ಬೆನೆಡೆಟ್ಟಿ ಯಂತ್ರವನ್ನೂ ನಿಲ್ಲಿಸಿಬಿಡುತ್ತಿದ್ದನು! ಜೊತೆಯವರು ಏನು ನುಡಿಸಿದರೆಂಬುದು ಗಾಳಿಪಾಲಾಯಿತು. ಪದ್ಯವಷ್ಟೇ ಸಾಕು, ಅರ್ಥ ಬೇಡ ಎನ್ನುವ ನಮ್ಮ ಸಂಗ್ರಾಹಕರು ಈ ಪ್ರಸಂಗವನ್ನು ನೆನಪಿನಲ್ಲಿಡಬೇಕು.

ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರುಗಳಿವು. ಅರಗಿನ ತಟ್ಟೆ ಸೆಕೆಗೆ ಬಾಗೀತು, ಕೈ ಜಾರಿದರೆ ಒಡೆದೀತು. ಆದರೂ ಜೋಪಾನ ಮಾಡಿದರೆ ನೂರು ವರ್ಷ ಬಾಳುತ್ತದೆ. ಕ್ಯಾಸೆಟ್ಟಿನ ಆಯುಷ್ಯ ಅಷ್ಟಿಲ್ಲ. ಆಷಾಢದ ಥಂಡಿಗೆ ಅದರ ಪಟ್ಟಿಗೆ ಬೂಸಲು ಹಿಡಿಯುತ್ತದೆ, ಒಳಗಿನ ಲೋಹಕ್ಕೆ ತುಕ್ಕು ಹತ್ತುತ್ತದೆ. ಅದನ್ನು ನುಡಿಸುವ ಯಂತ್ರಗಳೂ ಈಗ ಅಪರೂಪ. ಅಂದರೆ ತಟ್ಟೆಗೆ ಹಿಡಿಸದೆ ಹೋದದ್ದನ್ನು ನಾವು ತಟ್ಟೆಗಿಂತ ದುರ್ಬಲವಾದ ವಸ್ತುವಿಗೆ ಒಪ್ಪಿಸಿದ್ದೇವೆ. ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಕೆಳಗಿಳಿಸಿ, ನಡೆಯುವ ಯಂತ್ರವಿರುವಾಗಲೇ ಗಣಕಯಂತ್ರಕ್ಕೆ ಪ್ರತಿ ಮಾಡಿಕೊಳ್ಳುವುದು ಈಗಲೇ ಆಗಬೇಕಾದ ಕೆಲಸ. ಹಾಗೆ ಮಾಡುವಾಗ ಸದ್ದನ್ನು ಅತಿಯಾಗಿ ತೊಳೆಯಬಾರದು. ಸಭೆಯ ಗುಜುಗುಜು, ಮಗುವಿನ ಅಳು, ದೂರದ ಚಹದಂಗಡಿಯ ಕೂಗು, ಇವೂ ಆ ರಾತ್ರಿಯ ಭಾಗಗಳೇ.

ಅದಕ್ಕಿಂತಲೂ ಮುಖ್ಯವಾದದ್ದು ಬರಹ. ಪ್ರಸಂಗ ಯಾವುದು, ಊರು ಯಾವುದು, ಭಾಗವತರಾರು, ಮದ್ದಲೆಗೆ ಯಾರು, ಚಂಡೆಗೆ ಯಾರು, ಯಾವ ವೇಷ ಯಾರದು ಎಂದು ತಿಳಿದ ಹಿರಿಯರು ಇನ್ನೂ ಹಳ್ಳಿಗಳಲ್ಲಿದ್ದಾರೆ. ಅವರ ಮುಂದೆ ನುಡಿಸಿ ಕೇಳಿ ಬರೆದಿಡಬೇಕು. ಹೆಸರಿಲ್ಲದ ದನಿಯನ್ನು ಕೇಳಿ ಸುಖಪಡಬಹುದು, ಅದರಿಂದ ಚರಿತ್ರೆ ಕಟ್ಟಲಾಗದು. ಗೌಹರ್ ಜಾನ್ ಆ ದಿನ ಕೊಳವೆಯ ಮುಂದೆ ತನ್ನ ಹೆಸರನ್ನು ತಾನೇ ಹೇಳಿಕೊಂಡರು. ನಮ್ಮ ಭಾಗವತರು ಹೇಳಿಕೊಳ್ಳಲಿಲ್ಲ. ಅವರ ಪರವಾಗಿ ಹೇಳುವ ಹೊಣೆ ಕೇಳುವವರ ಮೇಲಿದೆ.